ಕೋಳಿ, ಗಿಡುಗ ಮತ್ತು ತೊಂಬತ್ತು ಸಾವಿರ ಡಾಲರ್ ಲೆಕ್ಕ

ಕಾಲು ಡಾಲರಿನ ಒಂದು ಕೋಳಿಯನ್ನು ಕಾಯೋದಕ್ಕೆ ಹನ್ನೆರಡು ಡಾಲರ್ ಖರ್ಚು ಮಾಡಿದ ಸರ್ಕಾರ ಒಂದಿತ್ತು ಅಂದ್ರೆ ನಂಬ್ತೀರಾ? ನಾನು ಉತ್ಪ್ರೇಕ್ಷೆ ಮಾಡ್ತಿಲ್ಲ. ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದಲ್ಲಿ 1885ರಿಂದ 1887ರ ಮಧ್ಯೆ ನಡೆದ ಕಥೆ ಇದು. ಲೆಕ್ಕ ಹಾಕಿದವರೂ ಅದೇ ದೇಶದ ಕೃಷಿ ಇಲಾಖೆಯ ಅಧಿಕಾರಿ.

ನಮ್ಮ ಟೀಮಿನ ಅಮೆರಿಕದ ಸಹೋದ್ಯೋಗಿಯೊಬ್ಬರ ಮನೆ ಪೆನ್ಸಿಲ್ವೇನಿಯಾದಲ್ಲಿದೆ. ಹಿತ್ತಲಲ್ಲಿ ಏಳೆಂಟು ಕೋಳಿ ಸಾಕಿದ್ದಾರೆ. ಒಂದು ದಿನ ಮೀಟಿಂಗ್ ಶುರುವಾಗೋಕೆ ಮುಂಚೆ ಸಪ್ಪೆ ಮುಖ ಮಾಡ್ಕೊಂಡು, "ಗಿಡುಗ ಮತ್ತೆ ಒಂದು ಕೋಳಿ ಹೊತ್ಕೊಂಡು ಹೋಯ್ತು" ಅಂದರು. ಹೊಡೆದು ಹಾಕೋದಲ್ವಾ ಅಂತ ಯಾರೋ ಕೇಳಿದ್ದಕ್ಕೆ, "ಇಲ್ಲಪ್ಪ, ಕಾನೂನು ಬಿಡಲ್ಲ. ಒಂದು ಕಾಲದಲ್ಲಿ ಹೊಡೆದವರಿಗೆ ಇದೇ ರಾಜ್ಯ ದುಡ್ಡು ಕೊಡ್ತಿತ್ತು ಗೊತ್ತಾ?" ಅಂದರು. ಅಷ್ಟು ಸಾಕಾಯ್ತು ನನಗೆ. ಆ ವಾರಾಂತ್ಯ ಪೂರ್ತಿ ಅದರ ಹಿಂದೆಯೇ ಬಿದ್ದೆ. ಸಿಕ್ಕಿದ್ದನ್ನ ಇಲ್ಲಿ ಬರೀತಾ ಇದ್ದೀನಿ.

ಕೋಳಿ ಅಂದ್ರೆ ಯಾರ ದುಡ್ಡು?

ಕಥೆಗೆ ಹೋಗೋ ಮುಂಚೆ ಒಂದು ಮಾತು. ಕೋಳಿ ಹೋಗೋದು ಸಣ್ಣ ವಿಷಯ ಅಂತ ಪೇಟೆಯವರಿಗೆ ಅನ್ನಿಸಬಹುದು. ಹಳ್ಳಿ ಮನೆಗಳಲ್ಲಿ ಹಾಗಲ್ಲ. ಹತ್ತೊಂಬತ್ತನೇ ಶತಮಾನದ ಅಮೆರಿಕದ ಹೊಲಮನೆಗಳಲ್ಲಿ ಗೋಧಿ, ಜೋಳ, ದನದ ದುಡ್ಡು ಗಂಡಸರ ಕೈಗೆ ಹೋಗ್ತಿತ್ತು. ಕೋಳಿ ಸಾಕೋದು ಹೆಂಗಸರ ಕೆಲಸ, ಮೊಟ್ಟೆ ಮಾರಿದ ದುಡ್ಡು ಹೆಂಗಸರದ್ದು. ಮೊಟ್ಟೆ ಕಾಸು ಅಂತಲೇ ಅದಕ್ಕೊಂದು ಹೆಸರಿತ್ತು. ಮಕ್ಕಳ ಬಟ್ಟೆ, ಸಕ್ಕರೆ, ಕಾಫಿಪುಡಿ, ಮನೆಗೆ ಬೇಕಾದ ಸಣ್ಣಪುಟ್ಟ ಸಾಮಾನು ಎಲ್ಲ ಅದರಲ್ಲೇ ಬರ್ತಿತ್ತು.

ಇದನ್ನ ಓದಿದಾಗ ನನಗೆ ನಮ್ಮ ಮನೆಯೇ ಕಣ್ಣಮುಂದೆ ಬಂತು. ಅಡಿಕೆ ದುಡ್ಡು ಅಪ್ಪನ ಲೆಕ್ಕ, ಕೋಳಿ ದುಡ್ಡು ಅಮ್ಮನ ಲೆಕ್ಕ. ನನ್ನ ಇಂಜಿನಿಯರಿಂಗ್ ಹಾಸ್ಟೆಲಿನ ಮೆಸ್ ಬಿಲ್ಲಿಗೆ ಕಡಿಮೆ ಬಿದ್ದಾಗೆಲ್ಲ ಎರಡು ಹುಂಜ ಮಾರಿ ಅಮ್ಮ ಕಳಿಸಿದ ದುಡ್ಡು ಬರ್ತಿತ್ತು. ಅಪ್ಪನಿಗೆ ಗೊತ್ತೇ ಇರ್ತಿರಲಿಲ್ಲ :-) ಹಾಗಾಗಿ ಹದ್ದು ಒಂದು ಮರಿ ಎತ್ಕೊಂಡು ಹೋದಾಗ ಅಮ್ಮ ಅರ್ಧ ದಿನ ಮಾತಾಡದೆ ಇರ್ತಿದ್ದದ್ದು ಯಾಕೆ ಅಂತ ನನಗೆ ಚೆನ್ನಾಗಿ ಗೊತ್ತು. ಪೆನ್ಸಿಲ್ವೇನಿಯಾದ ರೈತರ ಸಿಟ್ಟೂ ಸುಳ್ಳಲ್ಲ. ಕೋಳಿ ಹೋಗ್ತಿದ್ದದ್ದು ನಿಜ, ನಷ್ಟವೂ ನಿಜ. ಎಡವಟ್ಟಾಗಿದ್ದು ಅದಕ್ಕೆ ಹುಡುಕಿದ ಪರಿಹಾರದಲ್ಲಿ.

ನೆತ್ತಿಗೆ ಐವತ್ತು ಸೆಂಟ್

1885ರ ಜೂನ್ 23ರಂದು ಪೆನ್ಸಿಲ್ವೇನಿಯಾ ಶಾಸನಸಭೆ ಒಂದು ಕಾನೂನು ಮಾಡಿತು. ಅದಕ್ಕೆ ಜನ ಇಟ್ಟ ಹೆಸರು ಸ್ಕಾಲ್ಪ್ ಆಕ್ಟ್. ಸ್ಕಾಲ್ಪ್ ಅಂದ್ರೆ ನೆತ್ತಿಯ ಚರ್ಮ. ಕೃಷಿಯ ಒಳಿತಿಗಾಗಿ ಅಂತ ಹೇಳಿಕೊಂಡ ಈ ಕಾನೂನಿನ ಪ್ರಕಾರ ಗಿಡುಗ, ಗೂಬೆ, ವೀಸೆಲ್ ಮತ್ತು ಮಿಂಕ್, ಈ ನಾಲ್ಕರಲ್ಲಿ ಯಾವುದನ್ನೇ ಕೊಂದು ತಂದರೂ ಒಂದಕ್ಕೆ 50 ಸೆಂಟ್ ಬಹುಮಾನ. (ವೀಸೆಲ್, ಮಿಂಕ್ ಎರಡೂ ಅಲ್ಲಿನ ಸಣ್ಣ ಮಾಂಸಾಹಾರಿಗಳು. ಉದ್ದ ಮೈ, ಗಿಡ್ಡ ಕಾಲು, ಕೋಳಿಗೂಡಿಗೆ ನುಗ್ಗೋ ಬುದ್ಧಿಯಲ್ಲಿ ನಮ್ಮ ಮುಂಗುಸಿಯ ಹಾಗೆ ಅಂದ್ಕೊಳ್ಳಿ.) ಕೊಂದವನ ಪ್ರಮಾಣಪತ್ರ ಬರೆದುಕೊಳ್ಳೋ ನೋಟರಿಗೋ ನ್ಯಾಯಾಧಿಕಾರಿಗೋ 20 ಸೆಂಟ್ ಶುಲ್ಕ. ಅಲ್ಲಿಗೆ ಒಂದು ತಲೆಗೆ 70 ಸೆಂಟ್ ಸರ್ಕಾರದ ಖರ್ಚು.

ಈಗ ಸ್ವಲ್ಪ ಯೋಚಿಸಿ. ಒಂದು ಕೋಳಿಯ ಬೆಲೆ 25 ಸೆಂಟ್, ಒಂದು ಗಿಡುಗದ ತಲೆಗೆ 50 ಸೆಂಟ್. ಕೋಳಿ ಸಾಕೋದಕ್ಕಿಂತ ಗಿಡುಗ ಹೊಡೆಯೋದೇ ಲಾಭದ ಕಸುಬು! ಕೋವಿ ಇದ್ದವರೆಲ್ಲ ಕಾಡಿಗೆ ಹೊರಟರು. ಕೋಳಿ ಕಳ್ಕೊಂಡವರು ಮಾತ್ರ ಅಲ್ಲ, ಜನ್ಮದಲ್ಲಿ ಒಂದು ಕೋಳಿ ಸಾಕದವರೂ ಹೊರಟರು.

ಬೇಟೆಗಾರರು ತಂದು ಸುರಿದ ತಲೆಗಳನ್ನು ಪರೀಕ್ಷೆ ಮಾಡೋ ಅಧಿಕಾರಿಗಳಿಗೆ ಹಕ್ಕಿಗಳ ಬಗ್ಗೆ ಗೊತ್ತಿರಬೇಕಲ್ಲ? ಗೊತ್ತಿರಲಿಲ್ಲ. ಆ ರಾಜ್ಯದ ಪಕ್ಷಿತಜ್ಞರಾಗಿದ್ದ ಬಿ. ಎಚ್. ವಾರನ್ ದಾಖಲಿಸಿದ ಪ್ರಕಾರ ಬಹುಮಾನ ಪಡೆದ ತಲೆಗಳಲ್ಲಿ ಕೋಗಿಲೆ ಜಾತಿಯ ಹಕ್ಕಿಗಳದ್ದೂ ಇದ್ದವು, ನೈಟ್‌ಹಾಕ್ ತಲೆಗಳೂ ಇದ್ದವು. ಈ ನೈಟ್‌ಹಾಕ್ ಇದೆಯಲ್ಲ, ಅದು ಹೆಸರಲ್ಲಿ ಮಾತ್ರ ಗಿಡುಗ. ಅಸಲಿಗೆ ನಮ್ಮ ನತ್ತಿಂಗನ ಬಳಗದ್ದು, ಹಾರುವ ಹುಳ ಬಿಟ್ಟು ಬೇರೆ ಏನನ್ನೂ ತಿನ್ನೋದಿಲ್ಲ. ಎಲ್ಲಕ್ಕಿಂತ ಮಜಾ ಅಂದ್ರೆ ಅದರಲ್ಲಿ ಸಾಕಿದ ಕೋಳಿಯ ತಲೆಗಳೂ ಇದ್ದವಂತೆ. ಕೋಳಿ ಕಾಯೋದಕ್ಕೆ ಮಾಡಿದ ಕಾನೂನಿನಲ್ಲಿ ಕೋಳಿಯ ತಲೆಗೇ ಬಹುಮಾನ!

ನಾನು ಹಿಂದೆ ಇದ್ದ ಒಂದು ಪ್ರಾಜೆಕ್ಟಿನಲ್ಲಿ ಟೆಸ್ಟರ್‌ಗಳು ವಾರಕ್ಕೆ ಎಷ್ಟು ಬಗ್ ಹಾಕಿದರು ಅಂತ ಎಣಿಸೋ ಪದ್ಧತಿ ಶುರುವಾಯ್ತು. ಎರಡೇ ವಾರದಲ್ಲಿ ಒಂದು ಸ್ಕ್ರೀನಿನ ಒಂದು ಕಾಗುಣಿತದ ತಪ್ಪು ಹನ್ನೊಂದು ಬಗ್ ಆಗಿ ಬಂದಿತ್ತು. ಯಾವುದನ್ನ ಎಣಿಸಿ ದುಡ್ಡು ಕೊಡ್ತೀರೋ ಅದೇ ಬೆಳೆಯುತ್ತೆ. ಸ್ಕಾಲ್ಪ್ ಆಕ್ಟ್ ಎಣಿಸಿದ್ದು ಸತ್ತ ತಲೆಗಳನ್ನ. ಉಳಿದ ಕೋಳಿಗಳನ್ನ ಯಾರೂ ಎಣಿಸಲಿಲ್ಲ.

ಮೆರಿಯಂ ಸಾಹೇಬರ ಗಣಿತ

ಆಗ ವಾಷಿಂಗ್ಟನ್ನಿನ ಕೃಷಿ ಇಲಾಖೆಯಲ್ಲಿ ಒಂದು ಹೊಸ ವಿಭಾಗ ಶುರುವಾಗಿತ್ತು. ಹಕ್ಕಿ ಮತ್ತು ಪ್ರಾಣಿಗಳಿಂದ ಬೇಸಾಯಕ್ಕೆ ಆಗೋ ಲಾಭ ನಷ್ಟ ನೋಡೋದು ಅದರ ಕೆಲಸ. ಮುಖ್ಯಸ್ಥರು ಸಿ. ಹಾರ್ಟ್ ಮೆರಿಯಂ. ಓದಿದ್ದು ವೈದ್ಯಕೀಯ, ಹುಚ್ಚು ಮಾತ್ರ ಪ್ರಾಣಿ ಪಕ್ಷಿಗಳದ್ದು. 1886ರ ವರದಿಯಲ್ಲಿ ಅವರು ಸ್ಕಾಲ್ಪ್ ಆಕ್ಟಿನ ಲೆಕ್ಕ ತೆಗೆದರು. ಹಂತ ಹಂತವಾಗಿ ಹೇಳ್ತೀನಿ, ನೀವೂ ಕ್ಯಾಲ್ಕುಲೇಟರ್ ತಗೊಳ್ಳಿ.

ಒಂದೂವರೆ ವರ್ಷದಲ್ಲಿ ಕೊಟ್ಟ ದುಡ್ಡು ಸುಮಾರು 90,000 ಡಾಲರ್. ತಲೆಗೆ 70 ಸೆಂಟ್ ಅಂದ್ರೆ ಕಡಿಮೆ ಅಂದ್ರೂ 1,28,571 ಜೀವಗಳು. ಅದರಲ್ಲಿ ಬಹುಪಾಲು ಗಿಡುಗ ಮತ್ತು ಗೂಬೆ.

ಗಿಡುಗ, ಗೂಬೆಗಳು ರಾಜ್ಯದಲ್ಲಿ ವರ್ಷಕ್ಕೆ 5,000 ಕೋಳಿ ಕೊಲ್ತವೆ ಅಂತ ಇಟ್ಟುಕೊಳ್ಳೋಣ ಅಂತಾರೆ ಮೆರಿಯಂ. ಒಂದಕ್ಕೆ 25 ಸೆಂಟ್. ಹೋಗೋದರಲ್ಲಿ ಹೆಚ್ಚಿನವು ಪುಟ್ಟ ಮರಿಗಳು, ಆದ್ದರಿಂದ ಇದು ಧಾರಾಳವಾದ ಬೆಲೆಯೇ. ವರ್ಷಕ್ಕೆ 1,250 ಡಾಲರ್, ಒಂದೂವರೆ ವರ್ಷಕ್ಕೆ 1,875 ಡಾಲರ್. ಅಂದ್ರೆ 1,875 ಡಾಲರ್ ನಷ್ಟ ತಪ್ಪಿಸೋಕೆ 90,000 ಡಾಲರ್ ಖರ್ಚು.

ಅಲ್ಲಿಗೇ ನಿಲ್ಲಿಸಲಿಲ್ಲ ಅವರು. ಒಂದು ಗಿಡುಗವೋ ಗೂಬೆಯೋ ವರ್ಷಕ್ಕೆ ಕನಿಷ್ಠ ಸಾವಿರ ಇಲಿ ಅಥವಾ ಅಷ್ಟಕ್ಕೆ ಸಮನಾದ ಹುಳ ತಿನ್ನುತ್ತೆ. ಒಂದು ಇಲಿಯಿಂದ ರೈತನಿಗೆ ವರ್ಷಕ್ಕೆ ಎರಡು ಸೆಂಟ್ ನಷ್ಟ. ಆ ಲೆಕ್ಕದಲ್ಲಿ ಒಂದು ಗಿಡುಗ ರೈತನಿಗೆ ವರ್ಷಕ್ಕೆ 20 ಡಾಲರ್, ಒಂದೂವರೆ ವರ್ಷಕ್ಕೆ 30 ಡಾಲರ್ ಉಳಿಸಿಕೊಡುತ್ತೆ. 1,28,571ನ್ನ 30ರಿಂದ ಗುಣಿಸಿದರೆ 38,57,130 ಡಾಲರ್. ಬಹುಮಾನದ 90,000 ಸೇರಿಸಿದರೆ ಒಟ್ಟು ನಷ್ಟ 39,47,130 ಡಾಲರ್. ಉಳಿಸಿದ ಪ್ರತಿ ಒಂದು ಡಾಲರಿಗೆ ರಾಜ್ಯ 2,105 ಡಾಲರ್ ನೀರಿಗೆ ಹಾಕಿತು ಅನ್ನೋದು ಅವರ ತೀರ್ಮಾನ.

ಇಂಜಿನಿಯರ್ ಬುದ್ಧಿ ನೋಡಿ, ನನಗೆ ತಕ್ಷಣ ಅನುಮಾನ ಬಂತು. ಇಲಿಗೆ ಎರಡು ಸೆಂಟ್, ವರ್ಷಕ್ಕೆ ಸಾವಿರ ಇಲಿ, ಇದೆಲ್ಲ ಅಂದಾಜು ತಾನೆ? ಹೌದು, ಅಂದಾಜೇ. ಹಾಗಾದ್ರೆ ಅಂದಾಜನ್ನ ಅಲ್ಲಾಡಿಸಿ ನೋಡೋಣ. ಸಾವಿರ ಇಲಿಯ ಬದಲು ವರ್ಷಕ್ಕೆ ಬರೀ ಹತ್ತು ಇಲಿ ಅಂತ ಇಟ್ಕೊಳ್ಳಿ. ಆಗಲೂ 38,571 ಡಾಲರ್ ಲಾಭ ಹೋಯ್ತು. ಇಲಿಯ ವಿಷಯವನ್ನೇ ಪೂರ್ತಿ ಬಿಟ್ಟುಬಿಡಿ. ಸತ್ತ ಕೋಳಿಗಳು ಅವರು ಹೇಳಿದ್ದಕ್ಕಿಂತ ಹತ್ತು ಪಟ್ಟು ಅಂದ್ಕೊಳ್ಳಿ. ಆಗಲೂ ನಷ್ಟ 18,750, ಖರ್ಚು 90,000. ಅದೂ ಬಹುಮಾನ ಕೊಟ್ಟಿದ್ದರಿಂದ ಒಂದೇ ಒಂದು ಕೋಳಿಯೂ ಸಾಯಲಿಲ್ಲ ಅಂತ ಒಪ್ಪಿಕೊಂಡರೆ! ಯಾವ ಸಂಖ್ಯೆ ಹೇಗೆ ಬದಲಾಯಿಸಿದರೂ ಉತ್ತರದ ದಿಕ್ಕು ಬದಲಾಗೋದಿಲ್ಲ. ಒಳ್ಳೆ ಲೆಕ್ಕದ ಲಕ್ಷಣ ಅದು.

1887ರಲ್ಲಿ ಆ ಕಾನೂನನ್ನ ರದ್ದು ಮಾಡಿದರು.

ಹೊಟ್ಟೆ ಕೊಯ್ದು ನೋಡಿದವರು

ಅಂದಾಜು ಸಾಲದು, ಗಿಡುಗ ನಿಜವಾಗಿ ಏನು ತಿನ್ನುತ್ತೆ ಅಂತ ನೋಡಬೇಕು ಅಂತ ಮೆರಿಯಂ ಅವರ ಸಹಾಯಕ ಎ. ಕೆ. ಫಿಶರ್ ಹೊರಟರು. ದೇಶದ ಮೂಲೆ ಮೂಲೆಯಿಂದ ಬಂದ ಗಿಡುಗ, ಗೂಬೆಗಳ ಹೊಟ್ಟೆ ಕೊಯ್ದು ಒಳಗೆ ಏನಿದೆ ಅಂತ ಒಂದೊಂದನ್ನೂ ಬರೆದಿಟ್ಟರು. 1893ರಲ್ಲಿ ಅದು ಪುಸ್ತಕವಾಗಿ ಬಂತು.

ಅಮೆರಿಕದಲ್ಲಿ ಕಾಣೋ 73 ಬಗೆಯ ಗಿಡುಗ, ಗೂಬೆಗಳಲ್ಲಿ ಹಾನಿಕರ ಅನ್ನಬಹುದಾದವು ಆರೇ ಆರು. ಆ ಆರರಲ್ಲಿ ಮೂರು ಕಾಣಸಿಗೋದೇ ಅಪರೂಪ, ಇನ್ನೊಂದು ಮೀನು ಹಿಡಿಯೋದು. ಉಳಿದವು ಎರಡು, ಕೂಪರ್ಸ್ ಗಿಡುಗ ಮತ್ತು ಶಾರ್ಪ್‌ಶಿನ್ಡ್ ಗಿಡುಗ. ಈ ಆರನ್ನ ಬಿಟ್ಟು ಉಳಿದವುಗಳ 2,212 ಹೊಟ್ಟೆಗಳಲ್ಲಿ ನೂರಕ್ಕೆ 56ರಲ್ಲಿ ಇಲಿ ಮತ್ತಿತರ ಸಣ್ಣ ಪ್ರಾಣಿಗಳು, 27ರಲ್ಲಿ ಕೀಟಗಳು. ಕೋಳಿ ಅಥವಾ ಬೇಟೆಹಕ್ಕಿ ಇದ್ದದ್ದು ನೂರಕ್ಕೆ ಮೂರೂವರೆಯಲ್ಲಿ.

ಇದರಲ್ಲಿ ನನಗೆ ತುಂಬಾ ಹಿಡಿಸಿದ್ದು ಕೆಂಬಾಲದ ಗಿಡುಗದ ಕಥೆ. ಇದನ್ನ ಅಲ್ಲಿನ ರೈತರು ಕೋಳಿ ಗಿಡುಗ ಅಂತಲೇ ಕರೀತಿದ್ದರು. ದೊಡ್ಡ ಹಕ್ಕಿ, ಹೊಲದ ಮೇಲೆ ಎತ್ತರದಲ್ಲಿ ಸುತ್ತು ಹಾಕ್ತಾ ಇರುತ್ತೆ, ಎಲ್ಲರ ಕಣ್ಣಿಗೂ ಬೀಳುತ್ತೆ. ಕೋಳಿ ಕಾಣೆಯಾದ ದಿನ ತಲೆ ಎತ್ತಿ ನೋಡಿದರೆ ಇದು ಕಾಣುತ್ತೆ. ಹೊಡಿ! ಫಿಶರ್ ನೋಡಿದ ಇದರ 562 ಹೊಟ್ಟೆಗಳಲ್ಲಿ 278ರಲ್ಲಿ ಇಲಿ ಇತ್ತು, 54ರಲ್ಲಿ ಮಾತ್ರ ಕೋಳಿ ಅಥವಾ ಬೇಟೆಹಕ್ಕಿ. ಆ ಕಡೆ ನಿಜವಾದ ಕಳ್ಳ ಕೂಪರ್ಸ್ ಗಿಡುಗ ಮರದ ಮರೆಯಲ್ಲಿ ಕೂತಿದ್ದು, ಬೇಲಿಯ ಎತ್ತರದಲ್ಲೇ ಬಾಣದ ಹಾಗೆ ಬಂದು ಎತ್ಕೊಂಡು ಹೋಗಿರುತ್ತೆ. ಕೋವಿ ತರೋ ಹೊತ್ತಿಗೆ ಅದು ಇಲ್ಲ. ಸಿಕ್ಕವನೇ ಕಳ್ಳ!

ಸರ್ವರ್ ಕುಸಿದು ಬಿದ್ದಾಗ ಲಾಗಿನಲ್ಲಿ ಜಾಸ್ತಿ ಸಾಲು ಬರೆದ ಪ್ರೋಗ್ರಾಮನ್ನೇ ಮೊದಲು ಬೈಯೋದು ನಮ್ಮ ಆಫೀಸಿನಲ್ಲೂ ಇರೋ ರೋಗವೇ. ಇರ್ಲಿ.

ಬೆಟ್ಟದ ಮೇಲೆ ಒಬ್ಬ ಹೆಂಗಸು

ಪುಸ್ತಕ ಬಂದ ಮಾತ್ರಕ್ಕೆ ಜನ ಬದಲಾಗ್ತಾರೆಯೇ? ಇಲ್ಲ. ಬೇಟೆಹಕ್ಕಿಗಳಿಗೂ ಕೋಳಿಗೂ ಶತ್ರು ಅಂತ ಗಿಡುಗಗಳನ್ನ ಹೊಡೆಯೋದು ನಡೆದೇ ಇತ್ತು. 1929ರಲ್ಲಿ ಅದೇ ಪೆನ್ಸಿಲ್ವೇನಿಯಾ ಗೋಸ್‌ಹಾಕ್ ಅನ್ನೋ ಗಿಡುಗದ ತಲೆಗೆ 5 ಡಾಲರ್ ಬಹುಮಾನ ಇಟ್ಟಿತು. ಮಹಾ ಆರ್ಥಿಕ ಕುಸಿತದ ಆ ವರ್ಷಗಳಲ್ಲಿ 5 ಡಾಲರ್ ಅಂದ್ರೆ ಸಣ್ಣ ದುಡ್ಡಲ್ಲ. ಹಾರುತ್ತಿರೋ ಗಿಡುಗ ಯಾವ ಜಾತಿ ಅಂತ ಕೆಳಗೆ ನಿಂತವನಿಗೆ ಗೊತ್ತಾಗಲ್ಲ. ಎಲ್ಲವನ್ನೂ ಹೊಡಿ, ಬಿದ್ದ ಮೇಲೆ ನೋಡು.

ಅಲ್ಲಿ ಕಿಟಟಿನ್ನಿ ಅನ್ನೋ ಉದ್ದನೆಯ ಬೆಟ್ಟಸಾಲು ಇದೆ. ಶರತ್ಕಾಲದಲ್ಲಿ ಉತ್ತರದಿಂದ ದಕ್ಷಿಣಕ್ಕೆ ವಲಸೆ ಹೊರಟ ಗಿಡುಗಗಳು ಈ ಬೆಟ್ಟಕ್ಕೆ ಬಡಿದು ಮೇಲೇಳೋ ಗಾಳಿಯ ಮೇಲೆ ರೆಕ್ಕೆ ಬಡಿಯದೇ ತೇಲಿಕೊಂಡು ಹೋಗ್ತವೆ. ಒಂದು ಕಡೆ ಕಲ್ಲುಬಂಡೆಯ ತುದಿಗೆ ತೀರಾ ಹತ್ತಿರದಲ್ಲಿ ಹಾದುಹೋಗ್ತವೆ. ವಾರಾಂತ್ಯ ಬಂತು ಅಂದ್ರೆ ಕೋವಿ ಹಿಡಿದವರು ಅಲ್ಲಿ ಸಾಲುಗಟ್ಟಿ ನಿಂತು ನೂರಾರು ಹಕ್ಕಿ ಉರುಳಿಸ್ತಿದ್ದರು. 1932ರಲ್ಲಿ ರಿಚರ್ಡ್ ಪಾವ್ ಅನ್ನೋ ಯುವಕ ಅಲ್ಲಿಗೆ ಹೋಗಿ, ಸತ್ತು ಬಿದ್ದಿದ್ದ ಗಿಡುಗಗಳನ್ನ ನೆಲದ ಮೇಲೆ ಸಾಲಾಗಿ ಜೋಡಿಸಿ ಫೋಟೋ ತೆಗೆದ.

ಆ ಫೋಟೋಗಳ ಸುದ್ದಿ ರೊಸಾಲಿ ಎಜ್ ಅನ್ನೋ ನ್ಯೂಯಾರ್ಕಿನ ಮಹಿಳೆಯನ್ನ ತಲುಪಿತು. ಹೆಂಗಸರ ಮತದಾನದ ಹಕ್ಕಿಗಾಗಿ ಹೋರಾಡಿ ಪಳಗಿದವರು. ಕಾನೂನು ಬದಲಾಗೋವರೆಗೆ ಕಾಯದೆ ಅವರು ಬೇರೆ ದಾರಿ ಹಿಡಿದರು. 1934ರಲ್ಲಿ ಆ ಬೆಟ್ಟದ ಸುಮಾರು 1,400 ಎಕರೆಯನ್ನೇ 500 ಡಾಲರಿಗೆ ಗುತ್ತಿಗೆ ತಗೊಂಡುಬಿಟ್ಟರು! ಮಾರಿಸ್ ಬ್ರೌನ್, ಇರ್ಮಾ ಬ್ರೌನ್ ದಂಪತಿಯನ್ನ ಕಾವಲಿಗೆ ಇಟ್ಟರು. ಕೋವಿ ಹಿಡಿದು ಬಂದವರನ್ನ ದಾರಿಯಲ್ಲೇ ತಡೆದು ವಾಪಸ್ ಕಳಿಸೋ ಕೆಲಸ ಇರ್ಮಾ ಅವರದ್ದು. ಮಾರಿಸ್ ಬಂಡೆಯ ಮೇಲೆ ಕೂತು ಹಾರಿಹೋಗೋ ಗಿಡುಗಗಳನ್ನ ಎಣಿಸೋಕೆ ಶುರು ಮಾಡಿದರು. ಮೊದಲ ಶರತ್ಕಾಲದಲ್ಲೇ ಹತ್ತು ಸಾವಿರ ದಾಟಿತು.

ಹಾಕ್ ಮೌಂಟನ್ ಅಂತ ಹೆಸರಾದ ಈ ಜಾಗ ಗಿಡುಗ, ಹದ್ದುಗಳಿಗಾಗಿಯೇ ಮಾಡಿದ ಪ್ರಪಂಚದ ಮೊದಲ ರಕ್ಷಿತ ತಾಣ. ಬ್ರೌನ್ ಅವರ ಎಣಿಕೆ ಮುಂದೆ ಯಾರೂ ಊಹಿಸದ ಕಡೆ ಕೆಲಸಕ್ಕೆ ಬಂತು. ಹಾದುಹೋಗೋ ಬೋಳುತಲೆ ಹದ್ದುಗಳಲ್ಲಿ ಎಳೆಯವು ವರ್ಷ ವರ್ಷ ಕಡಿಮೆ ಆಗ್ತಾ ಬಂದದ್ದು ಆ ಪಟ್ಟಿಯಲ್ಲಿ ಕಾಣಿಸ್ತು. 1962ರಲ್ಲಿ ರೇಚಲ್ ಕಾರ್ಸನ್ ಡಿಡಿಟಿಯ ವಿರುದ್ಧ ಬರೆದ 'ಸೈಲೆಂಟ್ ಸ್ಪ್ರಿಂಗ್' ಪುಸ್ತಕದಲ್ಲಿ ಆ ಅಂಕಿಗಳನ್ನ ಬಳಸಿಕೊಂಡರು. 1972ರಲ್ಲಿ ಅಮೆರಿಕ ಡಿಡಿಟಿ ಬಳಕೆ ನಿಲ್ಲಿಸಿತು. ಅದೇ ವರ್ಷ ಮೆಕ್ಸಿಕೋ ಜೊತೆಗಿನ ವಲಸೆಹಕ್ಕಿ ಒಪ್ಪಂದಕ್ಕೆ ಗಿಡುಗ, ಗೂಬೆಗಳು ಸೇರಿ ಅವಕ್ಕೆ ದೇಶದಾದ್ಯಂತ ರಕ್ಷಣೆ ಸಿಕ್ಕಿತು. ನನ್ನ ಸಹೋದ್ಯೋಗಿ ಹೇಳಿದ "ಕಾನೂನು ಬಿಡಲ್ಲ" ಅನ್ನೋ ಮಾತಿನ ಬೇರು ಇಲ್ಲಿದೆ. ನಮ್ಮ ದೇಶದ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದದ್ದೂ 1972ರಲ್ಲೇ, ನೋಡಿ.

ತಲೆಗೆ ಬಹುಮಾನ ಕೊಡೋ ಬುದ್ಧಿ ಅಮೆರಿಕದ್ದು ಮಾತ್ರ ಅಂದ್ಕೋಬೇಡಿ. ಬ್ರಿಟಿಷರ ಕಾಲದಲ್ಲಿ ಇಲ್ಲೂ ಹುಲಿ, ಚಿರತೆ, ತೋಳಗಳ ತಲೆಗೆ ಬಹುಮಾನ ಇತ್ತು. ಇತಿಹಾಸಕಾರ ಮಹೇಶ್ ರಂಗರಾಜನ್ ಅವರ ಪ್ರಕಾರ 1875ರಿಂದ 1925ರವರೆಗಿನ ಐವತ್ತು ವರ್ಷದಲ್ಲಿ ಹೀಗೆ ಸತ್ತ ಹುಲಿಗಳೇ 80,000ಕ್ಕೂ ಹೆಚ್ಚು.

ಹಾಗಾದ್ರೆ ಕೋಳಿ ಕಾಯೋದು ಹೇಗೆ?

ಮೆರಿಯಂ ಲೆಕ್ಕ ಸರಿಯಾಗಿಯೇ ಇದೆ. ಆದ್ರೆ ಅದರಲ್ಲಿ ಒಂದು ಕೊರತೆ ಇದೆ ಅಂತ ನನಗೆ ಅನ್ನಿಸ್ತು. ಅದು ಸರ್ಕಾರಕ್ಕೆ ಕೊಟ್ಟ ಉತ್ತರ. ಒಂದೇ ವಾರದಲ್ಲಿ ಹನ್ನೆರಡು ಮರಿ ಕಳ್ಕೊಂಡ ಹೆಂಗಸಿಗೆ "ತಾಯೀ, ಗಿಡುಗ ಇಡೀ ರಾಜ್ಯದ ಇಲಿ ತಿನ್ನುತ್ತೆ" ಅಂದ್ರೆ ಸಮಾಧಾನ ಆಗುತ್ತಾ? ಲಾಭ ಊರಿಗೆಲ್ಲ ಹಂಚಿಹೋಗುತ್ತೆ, ನಷ್ಟ ಒಬ್ಬಳ ಹಿತ್ತಲಲ್ಲಿ ಬಂದು ಕೂರುತ್ತೆ. ಅವಳಿಗೂ ಒಂದು ಉತ್ತರ ಬೇಕಲ್ಲ?

ಉತ್ತರ ಅವತ್ತೇ ಇತ್ತು, ಅದೂ ಹಳೇದು. ಕ್ರಿಸ್ತಪೂರ್ವ ಒಂದನೇ ಶತಮಾನದಲ್ಲಿ ರೋಮಿನ ವಾರ್ರೋ ಬೇಸಾಯದ ಬಗ್ಗೆ ಬರೆದ ಪುಸ್ತಕದಲ್ಲಿ, ಕೋಳಿಮನೆಯ ಕಿಟಕಿಗೆ ಬೆಳಕು ಬರೋ ಹಾಗೆ, ಆದ್ರೆ ಕೋಳಿಗೆ ಕೇಡು ಮಾಡೋ ಯಾವುದೂ ನುಗ್ಗದ ಹಾಗೆ ಬೆತ್ತದಂಥ ಕಡ್ಡಿಗಳ ಹೆಣಿಗೆ ಹಾಕಿ ಅಂದಿದ್ದಾನೆ. ಬಾತುಕೋಳಿ ಸಾಕೋ ಜಾಗದ ಗೋಡೆಗೆ ನುಣ್ಣಗೆ ಗಾರೆ ಮಾಡಿ, ಬೆಕ್ಕಿನಂಥವು ಹತ್ತದಿರಲಿ. ಮೇಲೆ ಬಲೆ ಹಾಕಿ, ಹದ್ದು ಇಳಿಯದಿರಲಿ. ಎರಡು ಸಾವಿರ ವರ್ಷದ ಹಿಂದಿನ ಫೈರ್‌ವಾಲ್! ಅವನ ನಂತರ ಬಂದ ಕೊಲುಮೆಲ್ಲಾ ಇನ್ನೊಂದು ಚಂದದ ಮಾತು ಹೇಳ್ತಾನೆ. ಬಿಳಿ ಕೋಳಿ ಸಾಕಬೇಡಿ, ಬಿಳಿ ಬಣ್ಣ ಎದ್ದು ಕಾಣೋದ್ರಿಂದ ಗಿಡುಗ, ಹದ್ದುಗಳಿಗೆ ಬೇಗ ಸಿಗ್ತವೆ.

ನಮ್ಮ ಬೆಂಗಳೂರಿನ ಹೆಬ್ಬಾಳದ ಕೃಷಿ ವಿಶ್ವವಿದ್ಯಾಲಯ ಹಿತ್ತಲ ಸಾಕಣೆಗೆ ಅಂತ ಮಾಡಿದ ಗಿರಿರಾಜ ಕೋಳಿಗೆ ಯಾಕೆ ಬಣ್ಣ ಬಣ್ಣದ ಪುಕ್ಕ ಅಂತ ಯೋಚಿಸಿದ್ದೀರಾ? ನಾಟಿ ಕೋಳಿಯಂತೆ ಕಂಡರೆ ಜನ ಒಪ್ತಾರೆ ಅನ್ನೋದು ಒಂದು ಕಾರಣ, ಮಣ್ಣು ತರಗೆಲೆಗಳ ಮಧ್ಯೆ ಶತ್ರುವಿನ ಕಣ್ಣಿಗೆ ಸುಲಭಕ್ಕೆ ಬೀಳಲ್ಲ ಅನ್ನೋದು ಇನ್ನೊಂದು. ಹೈದರಾಬಾದಿನ ಸಂಶೋಧಕರು ಮಾಡಿದ ವನರಾಜ ತಳಿಯ ಉದ್ದ ಕಾಲುಗಳೂ ಓಡಿ ತಪ್ಪಿಸಿಕೊಳ್ಳೋಕೆ ಅನುಕೂಲವಂತೆ. ಕೊಲುಮೆಲ್ಲಾ ಇದ್ದಿದ್ದರೆ ಖುಷಿಪಡ್ತಿದ್ದ.

ಸ್ಕಾಲ್ಪ್ ಆಕ್ಟ್ ಬರೋಕೆ 41 ವರ್ಷ ಮುಂಚೆ, 1844ರಲ್ಲಿ, ಇಂಗ್ಲೆಂಡಿನ ನಾರ್ವಿಚ್ ಊರಿನ ಕಬ್ಬಿಣದ ವ್ಯಾಪಾರಿ ಚಾರ್ಲ್ಸ್ ಬರ್ನಾರ್ಡ್ ತಂತಿ ಹೆಣೆಯೋ ಯಂತ್ರ ಮಾಡಿದ್ದ. ನಾರ್ವಿಚ್ ಬಟ್ಟೆ ನೇಯೋ ಊರು. ಅವನು ಮಗ್ಗ ನೋಡಿ ಅದೇ ರೀತಿ ತಂತಿಯನ್ನ ಹೆಣೆದ. ಷಟ್ಕೋನದ ಕಣ್ಣುಗಳ ಆ ಕೋಳಿ ಜಾಲರಿ ಇವತ್ತಿಗೂ ನಮ್ಮೂರ ಹಾರ್ಡ್‌ವೇರ್ ಅಂಗಡಿಯಲ್ಲಿ ಸುರುಳಿ ಸುತ್ತಿ ನಿಂತಿದೆ.

ಅಮೆರಿಕದ ಚಾಕ್ಟಾ, ಚಿಕಸಾ ಬುಡಕಟ್ಟಿನವರದ್ದು ಇನ್ನೂ ಚಂದದ ಉಪಾಯ. ಮನೆ ಹತ್ತಿರದ ಮರದ ಕೊಂಬೆ ಸವರಿ ಅದಕ್ಕೆ ಟೊಳ್ಳು ಮಾಡಿದ ಸೋರೆಬುರುಡೆ ಕಟ್ತಿದ್ದರು. ಅದರಲ್ಲಿ ಪರ್ಪಲ್ ಮಾರ್ಟಿನ್ ಅನ್ನೋ ಬಾನಾಡಿಗಳು ಗೂಡು ಮಾಡ್ತವೆ. ಗೂಡಿನ ಹತ್ತಿರ ಗಿಡುಗವೋ ಕಾಗೆಯೋ ಬಂದರೆ ಗುಂಪಾಗಿ ಅಟ್ಟಿಸಿಕೊಂಡು ಹೋಗ್ತವೆ. ಅಲ್ಲಿನ ರೈತರೂ ಇದನ್ನ ಕಲಿತರು. ನಮ್ಮ ಕಡೆ ಈ ಕೆಲಸ ಮಾಡೋದು ಕಾಜಾಣ. ಹಿಡಿಯಷ್ಟು ಹಕ್ಕಿ ಹದ್ದಿನ ಬೆನ್ನ ಮೇಲೆ ಕುಕ್ಕುತ್ತಾ ಊರಾಚೆ ಬಿಟ್ಟು ಬರೋದನ್ನ ನೀವೂ ನೋಡಿರ್ತೀರಿ.

ಇನ್ನು ನಾಯಿ. ಆಸ್ಟ್ರೇಲಿಯಾದ ವಾರ್ನಾಂಬೂಲಿನಲ್ಲಿ ಅಲನ್ ಮಾರ್ಷ್ ಅನ್ನೋ ಕೋಳಿ ಸಾಕೋ ರೈತ ಬಯಲಲ್ಲಿ ಮೇಯೋ ಕೋಳಿಗಳನ್ನ ನರಿಯಿಂದ ಕಾಯೋದಕ್ಕೆ ಮರೆಮ್ಮಾ ಜಾತಿಯ ನಾಯಿ ಸಾಕಿದ್ದರು. ಅಲ್ಲೇ ಸಮುದ್ರದಂಚಿನ ಮಿಡ್ಲ್ ಐಲ್ಯಾಂಡ್ ಅನ್ನೋ ಪುಟ್ಟ ದ್ವೀಪಕ್ಕೆ, ನೀರಿಳಿದಾಗ ನರಿಗಳು ದಾಟಿ ಹೋಗಿ ನೂರಾರು ಪುಟಾಣಿ ಪೆಂಗ್ವಿನ್‌ಗಳನ್ನ ಕೊಂದು, 2005ರ ಹೊತ್ತಿಗೆ ಹತ್ತಕ್ಕಿಂತ ಕಡಿಮೆ ಉಳಿದಿದ್ದವು. ಕೋಳಿ ಕಾಯೋ ನಾಯಿ ಪೆಂಗ್ವಿನ್ ಕಾಯಲ್ವಾ ಅಂತ 2006ರಲ್ಲಿ ನಾಯಿಗಳನ್ನ ದ್ವೀಪಕ್ಕೆ ಬಿಟ್ಟರು. ಪೆಂಗ್ವಿನ್‌ಗಳು ಮತ್ತೆ ನೂರು ದಾಟಿದವು. 2017ರಲ್ಲಿ ಸಮುದ್ರ ಜೋರಾಗಿ ನಾಯಿಗಳನ್ನ ಕರೆದೊಯ್ಯಲಾಗದ ಹೊತ್ತಲ್ಲಿ ನರಿಗಳು ಬಂದು ನೂರಕ್ಕೂ ಹೆಚ್ಚು ಪೆಂಗ್ವಿನ್ ಕೊಂದದ್ದು ನಾಯಿಗಳ ಬೆಲೆಯನ್ನ ಇನ್ನೊಮ್ಮೆ ತೋರಿಸಿತು. ಪೆನ್ಸಿಲ್ವೇನಿಯಾದಲ್ಲಿ ಕೋಳಿ ಕಾಯೋ ನೆಪದಲ್ಲಿ ಕಾಡುಹಕ್ಕಿ ಸತ್ತವು. ಇಲ್ಲಿ ಕೋಳಿ ಕಾಯೋ ವಿದ್ಯೆಯೇ ಕಾಡುಹಕ್ಕಿಗಳನ್ನ ಉಳಿಸಿತು.

ನಮ್ಮ ಹಿತ್ತಲ ಮಾತು

ಇಷ್ಟೆಲ್ಲ ಓದೋಕೆ ಇನ್ನೊಂದು ಕಾರಣವೂ ಇತ್ತು. ಹೋದ ತಿಂಗಳು ಫೋನಿನಲ್ಲಿ ಅಮ್ಮ, "ಒಂದೇ ಹೇಂಟೆಯ ಒಂಬತ್ತು ಮರಿಯಲ್ಲಿ ಆರು ಹೋಯ್ತು ಮಾರಾಯ" ಅಂದಳು. ಪಕ್ಕದ ಮನೆ ಚಿಕ್ಕಪ್ಪ, ಸತ್ತ ಕೋಳಿಗೆ ತೋಟದ ವಿಷ ಹಚ್ಚಿ ಇಟ್ಟುಬಿಡಿ ಅತ್ತಿಗೆ, ಹದ್ದೂ ಹೋಗುತ್ತೆ ಕಬ್ಬೆಕ್ಕೂ ಹೋಗುತ್ತೆ ಅಂತ ಸಲಹೆ ಕೊಟ್ಟಿದ್ದರಂತೆ. ಇದೂ ಒಂದು ಸ್ಕಾಲ್ಪ್ ಆಕ್ಟೇ, ಊರ ಮಟ್ಟದ್ದು. ವಿಷಕ್ಕೆ ಯಾರು ಕಳ್ಳ, ಯಾರು ಅಲ್ಲ ಅಂತ ಗೊತ್ತಾಗಲ್ಲ. ನಮ್ಮನೆ ನಾಯಿಯೂ ತಿನ್ನಬಹುದು.

ಅಮ್ಮನಿಗೆ ಮೆರಿಯಂ ಕಥೆ ಹೇಳಿದೆ. ಪೂರ್ತಿ ಕೇಳಿಸಿಕೊಂಡು ಅವಳು ಕೇಳಿದ್ದು ಒಂದೇ, "ಅದ್ಸರಿ, ಉಳಿದ ಮೂರು ಮರಿಗೆ ಏನ್ ಮಾಡ್ಲಿ?"

ಸರಿಯಾದ ಪ್ರಶ್ನೆ. ಮೊದಲು ಯಾರು ಕಳ್ಳ ಅಂತ ನೋಡಿದೆವು. ಇದರಲ್ಲಿ ಅಮ್ಮನೇ ನನಗಿಂತ ದೊಡ್ಡ ತಜ್ಞೆ. ಹುಂಜ ಆಕಾಶದ ಶತ್ರುವಿಗೆ ಒಂದು ಥರ ಕೂಗುತ್ತೆ, ನೆಲದ ಶತ್ರುವಿಗೆ ಇನ್ನೊಂದು ಥರ. ವಿಜ್ಞಾನಿಗಳು 1980ರ ದಶಕದಲ್ಲಿ ಇದನ್ನ ಪ್ರಯೋಗ ಮಾಡಿ ಬರೆದಿದ್ದಾರೆ, ಹತ್ತಿರದಲ್ಲಿ ಹೇಂಟೆ ಇದ್ದರೆ ಹುಂಜ ಜಾಸ್ತಿ ಕೂಗುತ್ತೆ ಅಂತಲೂ ಕಂಡುಕೊಂಡಿದ್ದಾರೆ. ಅಮ್ಮನಿಗೆ ಅಡುಗೆಮನೆಯಲ್ಲಿ ಕೂತೇ ಅದು ಗೊತ್ತು. "ಮೇಲಿನ ಕೂಗು ಎರಡೇ ಸಲ ಕೇಳಿದ್ದು, ಉಳಿದದ್ದೆಲ್ಲ ಕೆಳಗಿನ ಕೂಗು" ಅಂದಳು. ಅಂದ್ರೆ ಬೈಸಿಕೊಳ್ತಿದ್ದದ್ದು ಹದ್ದು, ಹೆಚ್ಚು ಮರಿ ಒಯ್ದದ್ದು ಮುಂಗುಸಿ. ಕೆಂಬಾಲದ ಗಿಡುಗದ ಕಥೆಯೇ!

ಈಗ ಮಾಡಿರೋದು ಇಷ್ಟು. ಮರಿಗಳು ಸ್ವಲ್ಪ ಬಲಿಯೋವರೆಗೆ ತಾಯಿ ಜೊತೆ ಜಾಲರಿಯ ಚಪ್ಪರದೊಳಗೆ. ದೊಡ್ಡ ಕಣ್ಣಿನ ಕೋಳಿ ಜಾಲರಿ ಕೋಳಿಯನ್ನ ಒಳಗಿಡುತ್ತೆ, ಆದ್ರೆ ಮುಂಗುಸಿ ಮರಿಯನ್ನೂ ಹಾವನ್ನೂ ಹೊರಗಿಡೋದಿಲ್ಲ. ಹಾಗಾಗಿ ಕೆಳಗಿನ ಎರಡಡಿ ಅರ್ಧ ಇಂಚಿನ ಬೆಸುಗೆ ಜಾಲರಿ. ಅದನ್ನ ನೆಲದ ಮಟ್ಟಕ್ಕೇ ನಿಲ್ಲಿಸದೆ ಒಂದಡಿ ಹೊರಕ್ಕೆ ಮಡಿಸಿ ಮಣ್ಣು ಮುಚ್ಚಿದೆ, ಅಗೆಯೋಕೆ ಬಂದದ್ದಕ್ಕೆ ಕಾಲಡಿಯೇ ತಂತಿ ಸಿಗಲಿ ಅಂತ. ಮೇಲೆ ಹಳೇ ಮೀನಿನ ಬಲೆ, ವಾರ್ರೋ ಹೇಳಿದ ಹಾಗೆ. ಕತ್ತಲಾಗೋ ಮುಂಚೆ ಗೂಡಿನ ಬಾಗಿಲು ಹಾಕೋದು ತಪ್ಪಿಸೋ ಹಾಗಿಲ್ಲ, ಕಬ್ಬೆಕ್ಕು ಕಾಡುಬೆಕ್ಕುಗಳ ಪಾಳಿ ಶುರುವಾಗೋದೇ ಆಮೇಲೆ. ದೊಡ್ಡ ಕೋಳಿಗಳು ಹಗಲೆಲ್ಲ ಮೊದಲಿನ ಹಾಗೆ ತೋಟದಲ್ಲೇ ಕೆದಕ್ತವೆ. ಅವು ಓಡಿ ಅವಿತುಕೊಳ್ಳೋಕೆ ಅಂತ ಅಲ್ಲಲ್ಲಿ ಸೊಪ್ಪಿನ ಹೊರೆ ಒರಗಿಸಿದ್ದೀವಿ. ಒಟ್ಟು ಖರ್ಚು ಮೂರು ಹುಂಜದ ಬೆಲೆ ದಾಟಲಿಲ್ಲ.

ಒಂದೂ ಮರಿ ಹೋಗಲ್ಲ ಅಂತ ಹೇಳೋಕೆ ಬರಲ್ಲ. ಬಿಟ್ಟು ಮೇಯಿಸೋ ಕೋಳಿಯಲ್ಲಿ ಕಾಡಿಗೂ ಒಂದು ಪಾಲು ಇದ್ದೇ ಇರುತ್ತೆ. ಆ ಪಾಲನ್ನ ಚಿಕ್ಕದು ಮಾಡೋದಷ್ಟೇ ನಮ್ಮ ಕೈಲಿರೋದು. ಅದಕ್ಕೆ ಜಾಲರಿ ಸಾಕು, ತಲೆ ಎಣಿಸೋದು ಬೇಡ ಅಂತ ಪೆನ್ಸಿಲ್ವೇನಿಯಾದವರು 90,000 ಡಾಲರ್ ಕೊಟ್ಟು ಕಲಿತ ಪಾಠ ನಮಗೆ ಬಿಟ್ಟಿಯಾಗಿ ಸಿಕ್ಕಿದೆ.

ಅಂದ ಹಾಗೆ ಚಿಕ್ಕಪ್ಪ ಮೊನ್ನೆ ಬಂದು ಚಪ್ಪರದ ಅಳತೆ ತಗೊಂಡು ಹೋದರಂತೆ.

ನಿಮ್ಮೂರಲ್ಲಿ ಮರಿಗಳನ್ನ ಕಾಯೋದಕ್ಕೆ ಏನು ಉಪಾಯ ಮಾಡ್ತಾರೆ? ಬೆದರುಗೊಂಬೆ, ಹಳೇ ಸೀಡಿ ನೇತು ಹಾಕೋದು, ಗಿನಿಕೋಳಿ ಜೊತೆಗೆ ಬಿಡೋದು, ಏನೇ ಇರಲಿ, ಗೊತ್ತಿದ್ದರೆ ತಿಳಿಸಿ. ಅಮ್ಮನಿಗೆ ಓದಿ ಹೇಳ್ತೀನಿ.